ಹದಿನೈದು ಮಾದರಿಗಳ ಪಿಡಿಎಫ್ ಬಗ್ಗೆ ಮನೆಯವರ ಗುಂಪಿನಲ್ಲಿ ನಡೆದ ವಾದ

ದೊಡ್ಡಣ್ಣ, ಡಲ್ಲಾಸ್: [ಪಿಡಿಎಫ್: ಜಿಆರ್‌ಇ ಪ್ರಬಂಧಕ್ಕೆ ಹದಿನೈದು ಸಿದ್ಧ ಮಾದರಿಗಳು]
ಇದು ಪುಟ್ಟಿಗೆ, ಅಮೆರಿಕದಲ್ಲಿ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಗೆ. ನನ್ನ ಕಚೇರಿಯ ಹುಡುಗನೊಬ್ಬ ಕಳುಹಿಸಿದ. ಪೀಠಿಕೆ, ಮೂರು ಪ್ಯಾರಾ, ಮುಕ್ತಾಯ ಎಲ್ಲವೂ ತಯಾರಾಗಿವೆ. ಬಿಟ್ಟ ಜಾಗದಲ್ಲಿ ವಿಷಯ ತುಂಬಿದರೆ ಸಾಕು. ಪರೀಕ್ಷೆಗೆ ಇನ್ನೂ ಒಂದು ತಿಂಗಳಿದೆ, ಅಷ್ಟರಲ್ಲಿ ಬಾಯಿಪಾಠ ಮಾಡಿಬಿಡು ಪುಟ್ಟಿ.

ಚಿಕ್ಕಮ್ಮ, ಸಾಗರ: ದೊಡ್ಡ ಉಪಕಾರವಾಯಿತಪ್ಪ. ಗಣಿತದ ಭಾಗಕ್ಕೆ ಅವಳು ಹೆದರುವುದಿಲ್ಲ. ಪ್ರಬಂಧದ ಮಾತೆತ್ತಿದರೆ ಮುಖ ಬಾಡುತ್ತದೆ. ಇವತ್ತೇ ಪೇಟೆಗೆ ಹೋಗಿ ಮುದ್ರಿಸಿಕೊಂಡು ಬರುತ್ತೇನೆ.

ಅಕ್ಕ, ಪಿಟ್ಸ್‌ಬರ್ಗ್: ಚಿಕ್ಕಮ್ಮ, ಸ್ವಲ್ಪ ತಡೆಯಿರಿ. ಈಗಷ್ಟೇ ಅದನ್ನು ಕೊನೆಯವರೆಗೆ ಓದಿದೆ. ಅರ್ಧಕ್ಕರ್ಧ ಪುಟಗಳು ಈಗ ಪರೀಕ್ಷೆಯಲ್ಲೇ ಇಲ್ಲದ ಪ್ರಶ್ನೆಗೆ ಸಂಬಂಧಿಸಿದವು. ಬೇರೊಬ್ಬರ ವಾದವನ್ನು ಕೊಟ್ಟು ಅದರ ದೋಷಗಳನ್ನು ತೋರಿಸು ಎನ್ನುವ ಇನ್ನೊಂದು ಪ್ರಬಂಧವಿತ್ತಲ್ಲ, ಅದನ್ನು 2023ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆ ತೆಗೆದುಹಾಕಿತು. ಈಗ ಇರುವುದು ಒಂದೇ ಪ್ರಬಂಧ, ಅದಕ್ಕೆ 30 ನಿಮಿಷ. ಇಡೀ ಪರೀಕ್ಷೆ ಎರಡು ಗಂಟೆಯೊಳಗೆ ಮುಗಿಯುತ್ತದೆ.

ದೊಡ್ಡಣ್ಣ, ಡಲ್ಲಾಸ್: ಆ ಭಾಗವನ್ನು ಬಿಡಲಿ. ಉಳಿದ ಅರ್ಧ ಉಪಯೋಗಕ್ಕೆ ಬರುತ್ತದೆ. 2008ರಲ್ಲಿ ನಾನು ಮಾದರಿ ಕಲಿತೇ ಹೋಗಿದ್ದೆ. ಒಳ್ಳೆಯ ಅಂಕವೇ ಬಂತು.

ಅಕ್ಕ, ಪಿಟ್ಸ್‌ಬರ್ಗ್: ಅಣ್ಣ, ನೀನು ಬರೆದ ಪರೀಕ್ಷೆಯೇ ಬೇರೆ. ಆಗ ಎರಡು ವಿಷಯ ಕೊಟ್ಟು ಒಂದನ್ನು ಆರಿಸಿಕೊಳ್ಳಲು ಬಿಡುತ್ತಿದ್ದರು, 45 ನಿಮಿಷ ಕೊಡುತ್ತಿದ್ದರು. 2011ರ ಆಗಸ್ಟ್‌ನಲ್ಲಿ ಅದು ಬದಲಾಯಿತು. ಆಯ್ಕೆ ಹೋಯಿತು, ಸಮಯ 30 ನಿಮಿಷಕ್ಕೆ ಇಳಿಯಿತು. ಅದಕ್ಕಿಂತ ಮುಖ್ಯವಾಗಿ, ಪ್ರತಿ ವಿಷಯದ ಕೆಳಗೆ ಒಂದು ಸೂಚನೆ ಸೇರಿತು. ಒಮ್ಮೆ 'ಈ ಹೇಳಿಕೆ ಎಲ್ಲಿ ನಿಜವಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬುದನ್ನು ಪರಿಶೀಲಿಸು' ಎಂದಿರುತ್ತದೆ. ಇನ್ನೊಮ್ಮೆ 'ಈ ನೀತಿಯನ್ನು ಜಾರಿಗೆ ತಂದರೆ ಏನೇನಾಗಬಹುದು ಹೇಳು' ಎಂದಿರುತ್ತದೆ. ಮತ್ತೊಮ್ಮೆ 'ನಿನ್ನ ನಿಲುವನ್ನು ಪ್ರಶ್ನಿಸುವ ಬಲವಾದ ಕಾರಣಗಳಿಗೆ ಉತ್ತರಿಸು' ಎನ್ನುತ್ತಾರೆ. ನೀನು ಹೇಳುವ ಉಳಿದರ್ಧದಲ್ಲಿ ಒಂದು ಮಾದರಿಯೂ ಈ ಸೂಚನೆಯತ್ತ ತಿರುಗಿ ನೋಡಿಲ್ಲ. ಎಲ್ಲದರಲ್ಲೂ ಇರುವುದು ಒಪ್ಪುತ್ತೇನೆ, ಒಂದನೆಯ ಕಾರಣ, ಎರಡನೆಯ ಕಾರಣ, ಮೂರನೆಯ ಕಾರಣ. ಕೇಳಿದ್ದಕ್ಕೆ ಉತ್ತರ ಕೊಡದ ಪ್ರಬಂಧದಲ್ಲಿ ಇಂಗ್ಲಿಷ್ ಎಷ್ಟು ಚೆನ್ನಾಗಿದ್ದರೇನು?

ದೊಡ್ಡಣ್ಣ, ಡಲ್ಲಾಸ್: ಅಂಕ ಕೊಡುವುದರಲ್ಲಿ ಯಂತ್ರದ ಪಾಲೂ ಇದೆ ಎನ್ನುವುದನ್ನು ಮರೆಯಬೇಡ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಬರವಣಿಗೆ ಕಲಿಸುತ್ತಿದ್ದ ಲೆಸ್ ಪೆರೆಲ್‌ಮನ್ 2014ರಲ್ಲಿ ವಿದ್ಯಾರ್ಥಿಗಳ ಜೊತೆ ಸೇರಿ ಬೇಬಲ್ ಎಂಬ ತಂತ್ರಾಂಶ ಮಾಡಿದರು. ಒಂದೆರಡು ಪದ ಕೊಟ್ಟರೆ ಅದು ದೊಡ್ಡ ದೊಡ್ಡ ಪದಗಳಿಂದ ತುಂಬಿದ, ಅರ್ಥವೇ ಇಲ್ಲದ ಪ್ರಬಂಧ ಹೆಣೆಯುತ್ತಿತ್ತು. ಅಂಕ ಕೊಡುವ ಯಂತ್ರಗಳು ಅದಕ್ಕೂ ಹೆಚ್ಚಿನ ಅಂಕ ಕೊಟ್ಟವು. ಯಂತ್ರಕ್ಕೆ ಬೇಕಾದದ್ದು ಉದ್ದ, ಭಾರದ ಪದ, ಜೋಡಿಸುವ ಪದ. ಮಾದರಿಯಲ್ಲಿ ಇರುವುದೂ ಅವೇ.

ಅಕ್ಕ, ಪಿಟ್ಸ್‌ಬರ್ಗ್: ಆ ಪ್ರಯೋಗದಲ್ಲಿ ಓದಿದ್ದು ಯಂತ್ರ ಮಾತ್ರ. ಪರೀಕ್ಷೆಯಲ್ಲಿ ತರಬೇತಿ ಪಡೆದ ಮನುಷ್ಯರೊಬ್ಬರು ಓದಿ ಅಂಕ ಕೊಡುತ್ತಾರೆ, ಯಂತ್ರವೂ ಕೊಡುತ್ತದೆ. ಎರಡೂ ಹತ್ತಿರವಿದ್ದರೆ ಸರಾಸರಿ ತೆಗೆಯುತ್ತಾರೆ. ದೂರವಾದರೆ ಇನ್ನೊಬ್ಬ ಮನುಷ್ಯರ ಬಳಿ ಹೋಗುತ್ತದೆ, ಆಗ ಆ ಇಬ್ಬರು ಕೊಟ್ಟ ಅಂಕಗಳ ಸರಾಸರಿಯೇ ಅಂತಿಮ. ಯಂತ್ರದ ಅಂಕಕ್ಕೆ ಅಲ್ಲಿ ಲೆಕ್ಕವಿಲ್ಲ. ಅಂದರೆ ಯಂತ್ರವನ್ನು ಮೆಚ್ಚಿಸಿ ಮನುಷ್ಯರನ್ನು ಮೆಚ್ಚಿಸದ ಪ್ರಬಂಧಕ್ಕೆ ಕೊನೆಗೆ ಸಿಗುವುದು ಮನುಷ್ಯರು ಕೊಟ್ಟ ಅಂಕವೇ.

ಇನ್ನೊಂದು ಮಾತನ್ನು ಚಿಕ್ಕಮ್ಮ ತಿಳಿದಿರಬೇಕು. ಪ್ರತಿ ಪ್ರಬಂಧವನ್ನೂ ಬೇರೆ ಬರಹಗಳೊಂದಿಗೆ ಹೋಲಿಸಿ ನೋಡುವ ತಂತ್ರಾಂಶ ಅವರಲ್ಲಿದೆ. ಬೇರೆಯವರು ಬರೆದದ್ದರ ಜೊತೆ ವಾಕ್ಯವಾಕ್ಯವೇ ಹೊಂದಿಕೊಂಡರೆ ಅಂಕ ರದ್ದು ಮಾಡುವ ಅಧಿಕಾರವೂ ಇದೆ. ರದ್ದಾಗುವುದು ಪ್ರಬಂಧದ ಅಂಕವೊಂದೇ ಅಲ್ಲ, ಅವಳು ಕಷ್ಟಪಟ್ಟು ಗಳಿಸಿದ ಗಣಿತದ ಅಂಕವೂ ಹೋಗುತ್ತದೆ. ಈ ಪಿಡಿಎಫ್ ಎಷ್ಟು ಗುಂಪುಗಳಿಗೆ ಹೋಗಿದೆಯೋ ಯೋಚಿಸಿ.

ಚಿಕ್ಕಮ್ಮ, ಸಾಗರ: ಅಯ್ಯೋ, ಇದನ್ನು ಕೇಳಿ ಕೈಕಾಲು ತಣ್ಣಗಾಯಿತು. ಆದರೆ ಮತ್ತೇನು ಮಾಡಬೇಕು ಹೇಳಮ್ಮ. ಹತ್ತನೆಯ ತರಗತಿಯವರೆಗೆ ಅವಳು ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷಿನಲ್ಲಿ ಅರ್ಧ ಗಂಟೆಯಲ್ಲಿ ಸ್ವಂತವಾಗಿ ಬರೆ ಎಂದರೆ ಹೇಗೆ?

ದೊಡ್ಡಣ್ಣ, ಡಲ್ಲಾಸ್: ನನ್ನ ಚಿಂತೆಯೂ ಅದೇ ಚಿಕ್ಕಮ್ಮ. ಪರೀಕ್ಷೆಯಲ್ಲಿ ಮೊದಲು ಬರುವುದೇ ಪ್ರಬಂಧ. ಖಾಲಿ ಪರದೆ, ಮೂಲೆಯಲ್ಲಿ ಓಡುವ ಗಡಿಯಾರ. ಅಲ್ಲಿ ಕೈ ನಡುಗಿದರೆ ಮುಂದಿನ ನಾಲ್ಕೂ ಭಾಗಗಳು ಕೆಡುತ್ತವೆ. ಹಿಡಿದುಕೊಳ್ಳಲು ಏನಾದರೂ ಇರಲಿ ಎಂದು ಕಳುಹಿಸಿದೆ. ಮೋಸ ಕಲಿಸಬೇಕೆಂದು ಕಳುಹಿಸಲಿಲ್ಲ.

ಅಕ್ಕ, ಪಿಟ್ಸ್‌ಬರ್ಗ್: ಅದು ನನಗೆ ಗೊತ್ತಿದೆ ಅಣ್ಣ, ಆ ಹೆದರಿಕೆ ನಿಜವೇ. ಹಿಡಿದುಕೊಳ್ಳಲು ಕ್ರಮ ಇರಲಿ, ವಾಕ್ಯ ಬೇಡ. ಮೊದಲ ಐದು ನಿಮಿಷ ಯೋಚಿಸಿ ಗುರುತು ಹಾಕಿಕೊಳ್ಳುವುದು, ಕೊನೆಯ ನಾಲ್ಕೈದು ನಿಮಿಷ ಓದಿ ತಿದ್ದುವುದು, ನಡುವೆ ಬರೆಯುವುದು. ಇದು ಕೈಗೆ ಬಂದರೆ ಗಡಿಯಾರದ ಭಯ ಅರ್ಧ ಕಡಿಮೆಯಾಗುತ್ತದೆ. ಅಲ್ಲಿ ಕೊಡುವ ಬರೆಯುವ ಪರದೆಯಲ್ಲಿ ಕಾಗುಣಿತ ತಿದ್ದುವ ಸೌಲಭ್ಯವಿಲ್ಲ, ವ್ಯಾಕರಣ ತಿದ್ದುವುದೂ ಇಲ್ಲ. ಸೇರಿಸು, ಅಳಿಸು, ಕತ್ತರಿಸಿ ಅಂಟಿಸು, ಈಗಷ್ಟೇ ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊ, ಇಷ್ಟೇ. ಹಾಗಾಗಿ ಇವತ್ತಿನಿಂದ ನೋಟ್‌ಪ್ಯಾಡ್‌ನಲ್ಲಿ ಮಾತ್ರ ಅಭ್ಯಾಸ ಮಾಡಲಿ.

ಕನ್ನಡ ಮಾಧ್ಯಮದ ಬಗ್ಗೆ ಚಿಕ್ಕಮ್ಮ ಇಷ್ಟು ಕುಗ್ಗಬೇಕಾಗಿಲ್ಲ. ಇದು ಅವಸರದಲ್ಲಿ ಬರೆದ ಮೊದಲ ಕರಡು ಎಂಬುದು ಅಂಕ ಕೊಡುವವರಿಗೂ ಗೊತ್ತು. 6ಕ್ಕೆ 6 ಪಡೆಯುವ ಪ್ರಬಂಧದಲ್ಲೂ ಸಣ್ಣಪುಟ್ಟ ತಪ್ಪು ಇರಬಹುದೆಂದು ಅವರ ಮಾನದಂಡದಲ್ಲೇ ಬರೆದಿದ್ದಾರೆ. ಅವರು ನೋಡುವುದು ವಿಷಯದ ಒಳಕ್ಕೆ ಎಷ್ಟು ಹೋದೆ, ಕಾರಣ ಕೊಟ್ಟೆಯೋ, ಉದಾಹರಣೆ ಆ ಕಾರಣಕ್ಕೆ ಹೊಂದುತ್ತದೆಯೋ ಎಂಬುದನ್ನು.

ಮಾವ, ಧಾರವಾಡ: ಬೆಳಿಗ್ಗೆಯಿಂದ ಓದುತ್ತಿದ್ದೇನೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲಿಷ್ ಪಾಠ ಮಾಡಿ, ಉತ್ತರಪತ್ರಿಕೆ ನೋಡಿದವನ ಮಾತು ಕೇಳಿ. ಗೈಡಿನ ಪೀಠಿಕೆ ಬರೆದವನನ್ನು ಮೂರನೆಯ ಸಾಲಿಗೆ ಗುರುತಿಸುತ್ತಿದ್ದೆ. ಪೀಠಿಕೆಯ ಇಂಗ್ಲಿಷ್ ಒಂದು ಮಟ್ಟದಲ್ಲಿರುತ್ತದೆ, ಬಿಟ್ಟ ಜಾಗ ತುಂಬಿದ ಇಂಗ್ಲಿಷ್ ಇನ್ನೊಂದು ಮಟ್ಟದಲ್ಲಿರುತ್ತದೆ. ಸೀಳು ಕಣ್ಣಿಗೆ ಹೊಡೆಯುತ್ತದೆ. ಸರಳ ಇಂಗ್ಲಿಷಿನಲ್ಲಿ ಕೊನೆಯವರೆಗೂ ಒಂದೇ ದನಿಯಲ್ಲಿ ಬರೆದ ಹುಡುಗರ ಬಗ್ಗೆ ನನಗೆ ಯಾವಾಗಲೂ ಹೆಚ್ಚು ಗೌರವ. ಪುಟ್ಟಿ ಇಲ್ಲಿದ್ದಾಳೆಯೇ? ಎಲ್ಲರೂ ಅವಳ ಬಗ್ಗೆ ಮಾತನಾಡುತ್ತಿದ್ದೇವೆ, ಅವಳನ್ನು ಯಾರೂ ಕೇಳಿಲ್ಲ.

ಪುಟ್ಟಿ: ಇದ್ದೇನೆ ಮಾವ. ನನಗೆ ಭಾಷೆಗಿಂತ ಹೆಚ್ಚಿನ ಹೆದರಿಕೆ ಉದಾಹರಣೆಗಳದು. ಮಾದರಿ ಪ್ರಬಂಧಗಳಲ್ಲಿ ಲಿಂಕನ್, ಐನ್‌ಸ್ಟೈನ್, ಗೆಲಿಲಿಯೊ ಇರುತ್ತಾರೆ. ಅವರ ಬಗ್ಗೆ ನನಗೆ ಗೊತ್ತಿರುವುದು ಒಂದೆರಡು ಸಾಲು. ಮೂರನೆಯ ಸಾಲಿಗೆ ನಿಂತುಬಿಡುತ್ತೇನೆ.

ಅಕ್ಕ, ಪಿಟ್ಸ್‌ಬರ್ಗ್: ಹಾಗಾದರೆ ಈಗಲೇ ಒಂದನ್ನು ನೋಡೋಣ. ಎಲ್ಲ ವಿಷಯಗಳ ಪಟ್ಟಿಯನ್ನು ಇಟಿಎಸ್ ತನ್ನ ತಾಣದಲ್ಲಿ ಬಹಿರಂಗವಾಗಿ ಇಟ್ಟಿದೆ. ಅದರಲ್ಲೊಂದು ಹೀಗಿದೆ: ಒಂದು ಸಮಾಜದ ಅತಿ ಮುಖ್ಯ ಲಕ್ಷಣಗಳನ್ನು ತಿಳಿಯಬೇಕಾದರೆ ಅದರ ದೊಡ್ಡ ನಗರಗಳನ್ನು ಅಧ್ಯಯನ ಮಾಡಬೇಕು. ಎಲ್ಲಿ ನಿಜ, ಎಲ್ಲಿ ಅಲ್ಲ ಎಂಬುದನ್ನು ಪರಿಶೀಲಿಸಿ ನಿನ್ನ ನಿಲುವು ಹೇಳು. ಬರೆಯಬೇಡ, ಬರೀ ಗುರುತು ಹಾಕು. ಐದು ನಿಮಿಷ. ಲಿಂಕನ್ ಬೇಡ. ನಿನಗೆ ಹತ್ತು ಸಾಲು ಗೊತ್ತಿರುವುದನ್ನು ಮಾತ್ರ ಬಳಸು.

ಪುಟ್ಟಿ: ಹಾಕಿದೆ.
ಎಲ್ಲಿ ನಿಜ: ಬೆಂಗಳೂರು. ರಾಜ್ಯದ ಎಲ್ಲ ಜಿಲ್ಲೆಗಳಿಂದ ಜನ ಕೆಲಸಕ್ಕೆ ಅಲ್ಲಿಗೆ ಹೋಗುತ್ತಾರೆ. ಯಾರಿಗೆ ಅವಕಾಶ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದು ಅಲ್ಲಿ ಒಂದೇ ಬೀದಿಯಲ್ಲಿ ಕಾಣುತ್ತದೆ.
ಎಲ್ಲಿ ಅಲ್ಲ: 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಶೇ. 61ಕ್ಕೂ ಹೆಚ್ಚು ಜನ ಹಳ್ಳಿಯಲ್ಲಿದ್ದರು. ಮತ್ತೆ ಹೆಗ್ಗೋಡು. ನಮ್ಮ ಮನೆಗೆ ಹತ್ತಿರ. ಅಲ್ಲಿ 1949ರಲ್ಲಿ ನೀನಾಸಮ್ ಶುರುವಾಯಿತು. ಅಡಿಕೆ ಬೆಳೆಯುವ ಹಳ್ಳಿಯಲ್ಲಿ ರಂಗಶಿಕ್ಷಣ ಕೇಂದ್ರ, ಹಳ್ಳಿಯವರಿಗೆ ಜಗತ್ತಿನ ಸಿನಿಮಾ, ತಿರುಗಾಟದ ನಾಟಕಗಳು. ನೀನಾಸಮ್ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕನ್ನಡ ರಂಗಭೂಮಿಯನ್ನು ತಿಳಿಯಬೇಕಾದವರು ನಗರದಿಂದ ಹಳ್ಳಿಗೆ ಬರುತ್ತಾರೆ.
ನಿಲುವು: ಅರ್ಧ ಒಪ್ಪುತ್ತೇನೆ.

ಮಾವ, ಧಾರವಾಡ: ಶಭಾಷ್! ಇದರ ಬಗ್ಗೆ ನೀನು ಮೂರನೆಯ ಸಾಲಿಗೆ ನಿಲ್ಲುವುದಿಲ್ಲ.

ದೊಡ್ಡಣ್ಣ, ಡಲ್ಲಾಸ್: ಚೆನ್ನಾಗಿದೆ, ಆದರೆ ಎರಡು ಆಕ್ಷೇಪಗಳಿವೆ. ಅಮೆರಿಕದಲ್ಲಿ ಕುಳಿತು ಓದುವವರಿಗೆ ಹೆಗ್ಗೋಡು ಎಲ್ಲಿ ಗೊತ್ತು? ಮತ್ತೆ, ಹೆಗ್ಗೋಡು ಒಂದು ಅಪವಾದ. ಒಂದು ಅಪವಾದದಿಂದ ಹೇಳಿಕೆ ಬಿದ್ದುಹೋಗುವುದಿಲ್ಲ. 'ಅರ್ಧ ಒಪ್ಪುತ್ತೇನೆ' ಎನ್ನುವುದು ನಿಲುವೇ ಅಲ್ಲ.

ಅಕ್ಕ, ಪಿಟ್ಸ್‌ಬರ್ಗ್: ಮೊದಲನೆಯದನ್ನು ಒಪ್ಪುವುದಿಲ್ಲ. ದಕ್ಷಿಣ ಭಾರತದ ಒಂದು ಅಡಿಕೆ ಬೆಳೆಯುವ ಹಳ್ಳಿ ಎಂದು ಅರ್ಧ ವಾಕ್ಯ ಸೇರಿಸಿದರೆ ಯಾರಿಗಾದರೂ ತಿಳಿಯುತ್ತದೆ. ನೂರಾರು ಪ್ರಬಂಧಗಳಲ್ಲಿ ಅದೇ ಐನ್‌ಸ್ಟೈನ್ ಓದಿದವರಿಗೆ ಹೆಗ್ಗೋಡು ಕಂಡರೆ ಅವರು ಎಚ್ಚರದಿಂದ ಓದುತ್ತಾರೆ. ಎರಡನೆಯ ಆಕ್ಷೇಪ ಗಟ್ಟಿಯಾಗಿದೆ. ಅದಕ್ಕೆ ಪುಟ್ಟಿಯೇ ಉತ್ತರ ಕೊಡಬೇಕು.

ಮಾವ, ಧಾರವಾಡ: ಅಪವಾದವಲ್ಲ ಎನ್ನಲು ನನ್ನ ಕಡೆಯಿಂದ ಒಂದೆರಡು ಸಾಮಗ್ರಿ. ಗದುಗಿನ ಹತ್ತಿರ ಕಣಗಿನಹಾಳ ಎಂಬ ಊರಿದೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಶುರುವಾದದ್ದು ಅಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ಬೊಂಬಾಯಿಯಲ್ಲಿ ಅಲ್ಲ, ಮದರಾಸಿನಲ್ಲಿ ಅಲ್ಲ. ಇನ್ನು ಕರಾವಳಿಯ ಬ್ಯಾಂಕುಗಳು. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಉಡುಪಿಯಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ. ಅಂದಿನ ಮಂಗಳೂರು, ಉಡುಪಿಗಳನ್ನು ದೊಡ್ಡ ನಗರ ಎನ್ನಲು ಬರುವುದಿಲ್ಲ.

ದೊಡ್ಡಣ್ಣ, ಡಲ್ಲಾಸ್: ಮಾವ, ಇದು ನನ್ನ ಮಾತಿಗೇ ಬಲ ಕೊಡುತ್ತದೆ. ಕೆನರಾ ಬ್ಯಾಂಕಿನ ಪ್ರಧಾನ ಕಚೇರಿ ಇವತ್ತು ಬೆಂಗಳೂರಿನಲ್ಲಿದೆ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಅದರಲ್ಲೇ ವಿಲೀನವಾಯಿತು. ಕಾರ್ಪೊರೇಷನ್ ಮುಂಬೈಯ ಯೂನಿಯನ್ ಬ್ಯಾಂಕಿಗೆ ಸೇರಿತು. ಎಲ್ಲಿ ಹುಟ್ಟಿದರೇನು, ಬೆಳೆದದ್ದೆಲ್ಲ ಕೊನೆಗೆ ನಗರಕ್ಕೇ ಹೋಯಿತು. ಹಾಗಾದರೆ ನಗರವನ್ನು ನೋಡಿದರೆ ಸಾಕಲ್ಲ?

ಪುಟ್ಟಿ: ಸಾಕಾಗುವುದಿಲ್ಲ ದೊಡ್ಡಣ್ಣ. ಬೆಂಗಳೂರಿನ ಪ್ರಧಾನ ಕಚೇರಿಯ ಮುಂದೆ ನಿಂತು ನೋಡಿದವರಿಗೆ ಬ್ಯಾಂಕು ದೊಡ್ಡದು ಎಂದು ತಿಳಿಯುತ್ತದೆ. ಮಂಗಳೂರಿನವರು ಅದನ್ನು ಯಾಕೆ ಕಟ್ಟಿದರು, ಆಗ ಅವರಿಗೆ ಸಾಲ ಕೊಡುವವರು ಯಾರಿದ್ದರು ಎಂಬುದು ಅಲ್ಲಿ ಕಾಣುವುದಿಲ್ಲ. ನಗರದಲ್ಲಿ ಕಾಣುವುದು ಸಮಾಜ ಏನನ್ನು ಒಟ್ಟುಗೂಡಿಸಿತು ಎನ್ನುವುದು. ಅದು ಯಾವ ಅಗತ್ಯದಿಂದ ಹುಟ್ಟಿತು ಎಂದು ತಿಳಿಯಲು ಹುಟ್ಟಿದ ಊರಿಗೇ ಹೋಗಬೇಕು. ಸಮಾಜದ ಮುಖ್ಯ ಲಕ್ಷಣ ಎಂದರೆ ಈ ಎರಡನೆಯದೇ ಎಂದು ನನಗನ್ನಿಸುತ್ತದೆ.

ಅಕ್ಕ, ಪಿಟ್ಸ್‌ಬರ್ಗ್: ಪುಟ್ಟಿ, ನಿನ್ನ ನಿಲುವು ಸಿಕ್ಕಿತು. 'ಅರ್ಧ ಒಪ್ಪುತ್ತೇನೆ' ಎನ್ನುವುದನ್ನು ಅಳಿಸಿ ಇದನ್ನು ಬರೆ. ಅಣ್ಣ ಎತ್ತಿದ ಆಕ್ಷೇಪ ಎರಡನೆಯ ಪ್ಯಾರಾ, ನೀನು ಕೊಟ್ಟ ಉತ್ತರ ಮೂರನೆಯದು. ಬೆಂಗಳೂರನ್ನು ಬಿಡಬೇಡ, ಮೊದಲ ಪ್ಯಾರಾದಲ್ಲಿ ಇರಲಿ. ಹೇಳಿಕೆಯಲ್ಲಿ ನಿಜವಿರುವಷ್ಟನ್ನು ಒಪ್ಪಿಕೊಂಡು ಮುಂದೆ ಹೋದರೆ ವಾದ ಗಟ್ಟಿಯಾಗುತ್ತದೆ.

ದೊಡ್ಡಣ್ಣ, ಡಲ್ಲಾಸ್: ಒಪ್ಪಿದೆ, ಉತ್ತರ ಬಲವಾಗಿದೆ. ಆದರೆ ಇದನ್ನೆಲ್ಲ ನಾಲ್ಕು ಜನ ಸೇರಿ ಮಾಡಿದೆವು. ಅಲ್ಲಿ ಆಕ್ಷೇಪ ಎತ್ತಲು ನಾನಿರುವುದಿಲ್ಲ. ಅವಳೊಬ್ಬಳೇ 30 ನಿಮಿಷದಲ್ಲಿ ಮಾಡಬೇಕು.

ಅಕ್ಕ, ಪಿಟ್ಸ್‌ಬರ್ಗ್: ಅದಕ್ಕೇ ಈ ತಿಂಗಳು ಅವಳು ಅಭ್ಯಾಸ ಮಾಡಬೇಕಾದದ್ದು ನಿನ್ನ ಹಾಗೆ ಆಕ್ಷೇಪ ಎತ್ತುವುದನ್ನು. ಪಟ್ಟಿಯ ಎಲ್ಲ ವಿಷಯಕ್ಕೂ ಪೂರ್ತಿ ಪ್ರಬಂಧ ಬರೆಯುವ ಅಗತ್ಯವಿಲ್ಲ. ಶಿಕ್ಷಣ, ಸರ್ಕಾರ, ತಂತ್ರಜ್ಞಾನ, ಕಲೆ ಎಂದು ಗುಂಪು ಮಾಡಿಕೊಂಡು ದಿನವೂ ಕೆಲವಕ್ಕೆ ಹೀಗೆ ಗುರುತು ಹಾಕಲಿ. ಪ್ರತಿಯೊಂದಕ್ಕೂ ತನ್ನ ವಿರುದ್ಧವೇ ಒಂದು ಬಲವಾದ ಮಾತು ಬರೆದುಕೊಳ್ಳಲಿ. ವಾರಕ್ಕೆ ಎರಡನ್ನು ಮಾತ್ರ ಗಡಿಯಾರ ಇಟ್ಟು ಪೂರ್ತಿ ಬರೆಯಲಿ. ಅಂಕ ಪಡೆದ ಪ್ರಬಂಧಗಳನ್ನೂ, ಯಾಕೆ ಅಷ್ಟು ಅಂಕ ಎಂಬ ವಿವರಣೆಯನ್ನೂ ಇಟಿಎಸ್ ಕೊಟ್ಟಿದೆ. ಈ ಪಿಡಿಎಫ್ ಬದಲು ಅದನ್ನು ಓದಲಿ.

ಚಿಕ್ಕಮ್ಮ, ಸಾಗರ: ಅವಳು ಮೂವತ್ತು ನಿಮಿಷ ಬರೆಯುವಾಗ ಮನೆಯಲ್ಲಿ ಟಿವಿ ಹಾಕುವುದಿಲ್ಲ. ನನ್ನಿಂದಾಗುವುದು ಅಷ್ಟು.

ದೊಡ್ಡಣ್ಣ, ಡಲ್ಲಾಸ್: ಸರಿ, ವಿಷಯ ಕೊಡುವ ಕೆಲಸ ನನಗಿರಲಿ. ಇವತ್ತಿನದು ಅದೇ ಪಟ್ಟಿಯಿಂದ: ವಿಶ್ವವಿದ್ಯಾಲಯಗಳು ಪ್ರತಿ ವಿದ್ಯಾರ್ಥಿಗೂ ತನ್ನ ವಿಭಾಗದ ಹೊರಗಿನ ವಿಷಯಗಳನ್ನು ಕಡ್ಡಾಯವಾಗಿ ಓದಿಸಬೇಕು. ಪೂರ್ತಿ ಬರೆ, ನೋಟ್‌ಪ್ಯಾಡ್‌ನಲ್ಲಿ. ಮುಗಿದ ಕೂಡಲೇ ತಿದ್ದದೆ ಇಲ್ಲಿ ಹಾಕು.

ಮಾವ, ಧಾರವಾಡ: ಖಂಡಿತ ಓದಿಸಬೇಕು! ಎಂಜಿನಿಯರಿಂಗ್ ಹುಡುಗರಿಗೆ ಇತಿಹಾಸ ಗೊತ್ತಿಲ್ಲದೆ ಎಷ್ಟು

ಪುಟ್ಟಿ: ಮಾವ, ಈಗ ಹೇಳಬೇಡಿ. ನಾನು ಕಡ್ಡಾಯ ಬೇಡ ಎನ್ನುವ ಕಡೆ ಇದ್ದೇನೆ. ಬರೆದು ಹಾಕುತ್ತೇನೆ, ಆಮೇಲೆ ಆಕ್ಷೇಪ ಎತ್ತಿ.