ತಮ್ಮ 60 ದಿನ ಓರೆ ಮಂಚದಲ್ಲಿ ಮಲಗೋ ಪ್ರಯೋಗಕ್ಕೆ ಹೊರಟಿದ್ದಾನೆ, ಗೊತ್ತಿರೋರು ಹೇಳಿ

ತಮ್ಮ ಜರ್ಮನಿಯ ಕೊಲೋನ್‌ನಲ್ಲಿ ಓದ್ತಿದ್ದಾನೆ. ಬಾಹ್ಯಾಕಾಶದ ತೂಕವಿಲ್ಲದ ಸ್ಥಿತಿಯನ್ನ ನೆಲದ ಮೇಲೇ ಅನುಕರಿಸೋ ಪ್ರಯೋಗಕ್ಕೆ ಹೆಸರು ಕೊಟ್ಟಿದ್ದಾನೆ. 60 ದಿನ ಮಂಚದಿಂದ ಏಳೋ ಹಾಗಿಲ್ಲ, ತಲೆ ಕಾಲಿಗಿಂತ ತಗ್ಗಿನಲ್ಲಿರತ್ತೆ. ಬಸವನಗುಡಿಯಲ್ಲಿ ಅಮ್ಮ ಸರಿಯಾಗಿ ಊಟ ಮಾಡ್ತಿಲ್ಲ. "ಮಿದುಳಿಗೆ ಏನಾದ್ರೂ ಆದ್ರೆ?" ಅನ್ನೋದೊಂದೇ ಮಾತು. ಇಂಥದ್ದನ್ನ ಹತ್ತಿರದಿಂದ ನೋಡಿದವರು ಇದ್ದೀರಾ?

ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುವವರು:

ಇಳಿಜಾರು ಇರೋದು 6 ಡಿಗ್ರಿ ಮಾತ್ರ, ಅಮ್ಮನಿಗೆ ಅದನ್ನ ಒಂದು ಮಣೆ ಓರೆ ಇಟ್ಟು ತೋರಿಸಿ. ಬಾಹ್ಯಾಕಾಶದಿಂದ ಮರಳಿದ ಸೋವಿಯತ್ ಯಾತ್ರಿಗಳಿಗೆ ಮಟ್ಟಸವಾದ ಹಾಸಿಗೆಯಲ್ಲೂ ಕಾಲಿನ ಕಡೆ ಜಾರಿದ ಹಾಗೆ ಅನ್ನಿಸ್ತಿತ್ತು. ಮಂಚದ ಕಾಲ್ದೆಸೆ ಎತ್ತಿದಾಗಲೇ ಸಮಾಧಾನ. ಈ ವಿಧಾನ ಹುಟ್ಟಿದ್ದು ಹಾಗೆ.

ವಿದ್ಯಾರ್ಥಿಗಳಿಗೆ ರಕ್ತದೊತ್ತಡದ ಪಾಠ ಮಾಡುವಾಗ ನಾನೇ ಅಂಥ ಮಂಚದ ಮೇಲೆ ಮಲಗಿದ್ದೀನಿ. ಸ್ವಲ್ಪ ಹೊತ್ತಿಗೇ ಕತ್ತಿನ ನರ ಎದ್ದು ಕಾಣತ್ತೆ, ಮೂಗು ಕಟ್ಟತ್ತೆ, ಮುಖ ಬಿಗಿಯತ್ತೆ, ಮಾತಾಡಿದ್ರೆ ನೆಗಡಿ ಧ್ವನಿ. ಕಾಲಿನಲ್ಲಿರಬೇಕಾದ ದ್ರವ ಮೇಲಕ್ಕೆ ಬಂದಿರತ್ತೆ, ಅಷ್ಟೇ. ಒಂದೆರಡು ದಿನದಲ್ಲಿ ದೇಹ ಹೆಚ್ಚಿನ ನೀರನ್ನ ಮೂತ್ರದಲ್ಲಿ ಹೊರಹಾಕತ್ತೆ.

ದೀರ್ಘಕಾಲ ಹಾಗೇ ಮಲಗಿದ್ರೆ ಮಿದುಳು ತಲೆಬುರುಡೆಯೊಳಗೆ ಸ್ವಲ್ಪ ಮೇಲಕ್ಕೂ ಹಿಂದಕ್ಕೂ ಸರಿಯತ್ತೆ. ಎಂಆರ್‌ಐಯಲ್ಲಿ ಬೂದು ಭಾಗ ಕೆಲವೆಡೆ ಕಡಿಮೆ, ಕೆಲವೆಡೆ ಹೆಚ್ಚು ಕಾಣತ್ತೆ. ಮಿದುಳು ಸವೆದುಹೋಯ್ತು ಅಂತ ಅದನ್ನ ಓದಬೇಡಿ. ಅದರಲ್ಲಿ ಬಹಳಷ್ಟು ದ್ರವ ಜಾಗ ಬದಲಿಸಿದ್ದರ ಫಲ.

ಬುದ್ಧಿಯ ವಿಷಯಕ್ಕೆ ಬರ್ತೀನಿ, ನಿಮಗೆ ಬೇಕಾದ್ದು ಅದೇ. 2019ರಲ್ಲಿ ಕೊಲೋನ್‌ನಲ್ಲೇ ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್, ನಾಸಾ, ಯುರೋಪಿಯನ್ ಸ್ಪೇಸ್ ಏಜೆನ್ಸಿ ಸೇರಿ 24 ಜನರನ್ನ 60 ದಿನ ಹೀಗೆ ಮಲಗಿಸಿದ್ವು. ಆಗಾಗ ಪರೀಕ್ಷೆ ಕೊಟ್ಟು ನೋಡಿದಾಗ, ಉತ್ತರ ಕೊಡೋ ವೇಗ ಶುರುವಿನಲ್ಲೇ ತುಸು ತಗ್ಗಿ ಹಾಗೇ ಉಳೀತು, ಆದ್ರೆ ತಪ್ಪುಗಳೇನೂ ಹೆಚ್ಚಾಗಲಿಲ್ಲ. ಒಂದು ವಿಷಯದಲ್ಲಿ ಮಾತ್ರ ದಿನ ಕಳೆದಂತೆ ಕುಸಿತ ಮುಂದುವರೀತು: ಎದುರಿನವರ ಮುಖಭಾವ ಗುರುತಿಸೋದು. ಅದು ನಿಧಾನವಾಗ್ತಾ ಹೋಯ್ತು. ಜತೆಗೆ ಮುಖಗಳಲ್ಲಿ ಕೋಪದಂಥ ಭಾವಗಳನ್ನೇ ಹೆಚ್ಚಾಗಿ ಕಾಣೋಕೆ ಶುರುಮಾಡಿದ್ರು. ಕೆಲವರನ್ನ ದಿನಾ ಅರ್ಧ ಗಂಟೆ ಸೆಂಟ್ರಿಫ್ಯೂಜ್ ಅನ್ನೋ ಗಿರಗಿರ ಸುತ್ತೋ ಯಂತ್ರದಲ್ಲಿ ತಿರುಗಿಸಿ ಕೃತಕ ಗುರುತ್ವ ಕೊಟ್ಟರೂ ಇದು ನಿಲ್ಲಲಿಲ್ಲ.

ಇದನ್ನ ನಾನು ಒತ್ತಿ ಹೇಳ್ತೀನಿ, ಯಾಕಂದ್ರೆ ಮನೆಯವರಿಗೆ ಬೇಕಾದ್ದು ಇಲ್ಲಿದೆ. ಅಮ್ಮ ವಿಡಿಯೋ ಕಾಲ್‌ನಲ್ಲಿ ಚಿಂತೆಯಿಂದ ಮುಖ ಸಣ್ಣ ಮಾಡ್ಕೊಂಡು ಕೂತ್ರೆ, ಅವನಿಗೆ ಅದು ಸಿಟ್ಟಿನ ಮುಖವಾಗಿ ಕಾಣಬಹುದು. ಮಲಗೋ ಮುಂಚೆಯೇ ಇಬ್ಬರಿಗೂ ಹೇಳಿಡಿ. ಮನಸ್ಸಲ್ಲಿ ಇರೋದನ್ನ ಬಾಯಿಬಿಟ್ಟು ಹೇಳೋ ಅಭ್ಯಾಸ ಮಾಡ್ಕೊಳ್ಳಿ, ಮುಖ ನೋಡಿ ತಿಳ್ಕೋ ಅಂತ ಬಿಡಬೇಡಿ.

ಜಯನಗರದ ಫಿಸಿಯೋಥೆರಪಿಸ್ಟ್:

ಸರ್ ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. ಬೆನ್ನುಮೂಳೆ ಮುರಿದು ತಿಂಗಳುಗಟ್ಟಲೆ ಮಲಗಿದ್ದ ರೋಗಿಗಳನ್ನ ಎಬ್ಬಿಸೋದು ನನ್ನ ದಿನದ ಕೆಲಸ. ಅಷ್ಟು ದಿನ ಅಂಗಾಲಿನಿಂದ ಮಿದುಳಿಗೆ ಸುದ್ದಿಯೇ ಹೋಗಿರಲ್ಲ. ನಿಂತಾಗ ಕಣ್ಣನ್ನೇ ನೆಚ್ಚಿಕೊಳ್ತಾರೆ, ನೆಲ ನೋಡ್ತಾನೇ ನಡೀತಾರೆ. ಒಬ್ಬ ಹಿರಿಯರು ಹಾಲ್‌ನಲ್ಲಿ ಚೆನ್ನಾಗಿ ಓಡಾಡೋರು, ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ತಕ್ಷಣ ವಾಲಿ ಗೋಡೆಗೆ ಒರಗಿಬಿಟ್ರು. ನಿಮ್ಮ ತಮ್ಮ ಗಟ್ಟಿಮುಟ್ಟಾದ ಹುಡುಗ, ಬೇಗ ಸುಧಾರಿಸ್ಕೋತಾನೆ. ಆದ್ರೂ ಎದ್ದ ಮೇಲಿನ ಚೇತರಿಕೆ ದಿನಗಳನ್ನ ಅಲ್ಲೇ ಪೂರ್ತಿ ಮುಗಿಸ್ಲಿ. ಹಬ್ಬ ಬಂತು ಅಂತ ವಿಮಾನ ಹತ್ತಿಸಬೇಡಿ. ಬಂದ ಹೊಸದರಲ್ಲಿ ಸ್ಕೂಟರ್ ಕೀ ಕೊಡಬೇಡಿ, ನಮ್ಮ ಸೌತ್ ಎಂಡ್ ಸರ್ಕಲ್ ಟ್ರಾಫಿಕ್‌ನಲ್ಲಂತೂ ಬೇಡವೇ ಬೇಡ.

ಹಳೇ ಏರ್‌ಪೋರ್ಟ್ ರಸ್ತೆಯಿಂದ:

ಗಗನಯಾನಕ್ಕೆ ವಾಯುಪಡೆಯ ಪೈಲಟ್‌ಗಳನ್ನ ಪರೀಕ್ಷಿಸಿ ಆರಿಸಿದ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ನಮ್ಮ ಮನೆ ಹತ್ತಿರ. ಅವರಲ್ಲೊಬ್ಬರಾದ ಶುಭಾಂಶು ಶುಕ್ಲಾ 2025ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೇ ಹೋಗಿಬಂದ್ರು. ಮಂಚದಲ್ಲಿ ಮಲಗೋರು ಕೊಡೋ ಮಾಹಿತಿ ಅಂಥವರ ಸುರಕ್ಷತೆಗೇ. ತಮ್ಮನ ಬಗ್ಗೆ ಹೆಮ್ಮೆ ಪಡಿ. ಒಂದು ವ್ಯತ್ಯಾಸ ನೆನಪಿರಲಿ: ಮಲಗಿದವನ ಒಳಗಿವಿಗೆ ಗುರುತ್ವ ತಟ್ಟುತ್ತಲೇ ಇರತ್ತೆ, ದಿಕ್ಕು ಮಾತ್ರ ಬೇರೆ. ಹಾಗಾಗಿ ಗಗನಯಾತ್ರಿಗಳ ಬಗ್ಗೆ ಪೇಪರ್‌ನಲ್ಲಿ ಬರೋದೆಲ್ಲ ಅವನಿಗೆ ಅನ್ವಯಿಸಲ್ಲ.

ಮೊದಲು ಉತ್ತರಿಸಿದವರು:

ಕಣ್ಣಿನ ಮಾತು ಬಿಟ್ಟುಹೋಯ್ತು. ಕೊಲೋನ್‌ನಲ್ಲೇ 2017ರಲ್ಲಿ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿ 30 ದಿನ ಮಲಗಿಸಿದ 11 ಜನರಲ್ಲಿ 5 ಮಂದಿಗೆ ಕಣ್ಣಿನ ನರದ ಬುಡದಲ್ಲಿ ಊತ ಬಂದಿತ್ತು. ಸಹಿ ಹಾಕೋ ಮುಂಚೆ ತಮ್ಮ ಇಷ್ಟು ಕೇಳ್ಲಿ: ಗಾಳಿ ಮಾಮೂಲಿನದೇನಾ, ದಿಂಬು ಇರತ್ತಾ, ಕಣ್ಣಿನ ತಪಾಸಣೆ ಎಷ್ಟು ದಿನಕ್ಕೊಮ್ಮೆ, ಮನೆಗೆ ಬಂದ ಮೇಲೆ ಮತ್ತೆ ನೋಡ್ತಾರಾ. ಬೇಡ ಅನ್ನಿಸಿದ ದಿನ ಕಾರಣ ಹೇಳದೆ ಎದ್ದು ಬರೋ ಹಕ್ಕು ಅವನಿಗಿದೆ. ಒಪ್ಪಿಗೆ ಪತ್ರದಲ್ಲಿ ಆ ಸಾಲು ಇರತ್ತೆ, ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿ.