ರಜೆಯಲ್ಲಿ ಮಕ್ಕಳನ್ನ ನೀರಲ್ಲಿ ಆಡ್ಸೋಕೆ ಕೋಲಾರದ ಹತ್ರ ಎಲ್ಲಿ ಹೋಗ್ಬೋದು?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಮಗಳಿಗೆ 9, ಮಗನಿಗೆ 5 ವರ್ಷ, ರಜೆ ಶುರುವಾದಾಗಿಂದ ನೀರಲ್ಲಿ ಆಡ್ಬೇಕು ಅಂತ ಒಂದೇ ಹಠ. ಭಾನುವಾರ ಚಿತ್ರಾನ್ನ ಮೊಸರನ್ನ ಕಟ್ಕೊಂಡು ಅವರ ಅಜ್ಜಿನೂ ಕರ್ಕೊಂಡು ಹೋಗೋಣ ಅಂತ. ನರಸಾಪುರದ ಕೆರೆಯಲ್ಲಿ ನೀರಿದೆ, ದಡದಲ್ಲಿ ಇಳಿಸ್ಬೋದಾ?

ಉತ್ತರ 1:
ಅಕ್ಕ, ಅಲ್ಲಿ ಖಂಡಿತ ಬೇಡ. ಅದು ಕೆ.ಸಿ. ವ್ಯಾಲಿ ನೀರು, ಬೆಂಗಳೂರಿನ ಕೊಳಚೆನ ಎರಡು ಹಂತ ಶುದ್ಧ ಮಾಡಿ 2018ರಿಂದ ನಮ್ ಕೆರೆಗಳಿಗೆ ಬಿಡ್ತಿರೋದು, ಬೋರ್‌ವೆಲ್‌ಗಳಲ್ಲಿ ನೀರು ಏರ್ಲಿ ಅಂತ, ಮಕ್ಕಳು ಮುಳುಗಿ ಬಾಯಿಗೆ ನೀರು ಹೋಗೋಕಲ್ಲ. ಜೊತೆಗೆ ಮಣ್ಣು ತೆಗೆದಿರೋ ಗುಂಡಿ ಎಲ್ಲಿರತ್ತೋ ಮೇಲಿಂದ ಕಾಣಲ್ಲ, ಮೊಣಕಾಲುದ್ದ ಅಂತ ಹೆಜ್ಜೆ ಇಟ್ರೆ ಮುಂದಿನ ಹೆಜ್ಜೆಗೆ ಆಳ. ಕ್ವಾರಿ ಗುಂಡಿನೂ ಹಂಗೇ.

ಉತ್ತರ 2:
ಪರಿಚಯದವರ ತೋಟ ಇದ್ರೆ ಕೇಳಿ ನೋಡಿ. ಬೋರ್‌ವೆಲ್ ನೀರು ಬೀಳೋ ಸಿಮೆಂಟ್ ತೊಟ್ಟಿ, ಚಿಕ್ಕವನ ಸೊಂಟದವರೆಗೆ ನೀರು ಬಿಟ್ರೆ ಸಾಕು, ಪೈಪಿನ ಕೆಳಗೆ ನಿಂತ್ರೆ ಆ ಖುಷಿನೇ ಬೇರೆ, ನಾವು ಬೆಳೆದಿದ್ದೇ ಅದ್ರಲ್ಲಿ. ಆದ್ರೆ ಕೃಷಿ ಹೊಂಡದ ಹತ್ರ ಒಬ್ಬರನ್ನೂ ಬಿಡ್ಬೇಡಿ, ಒಳಗೆ ಹಾಸಿರೋ ಪ್ಲಾಸ್ಟಿಕ್ ಹಾಳೆ ಜಾರತ್ತೆ, ಈಜು ಬರೋರೂ ಹತ್ತೋಕಾಗಲ್ಲ. ಹೊಂಡದ ಸುತ್ತ ಬೇಲಿ ಇಲ್ದಿದ್ರೆ ಆ ತೋಟಕ್ಕೇ ಹೋಗ್ಬೇಡಿ. ತೊಟ್ಟಿ ಹತ್ರನೂ ದೊಡ್ಡೋರು ಒಬ್ರು ಫೋನ್ ಬಿಟ್ಟು ಕೂತಿರ್ಬೇಕು.

ಉತ್ತರ 3:
ಬೆಳಗ್ಗೆ ಕೋಲಾರದ ಬೆಟ್ಟದಲ್ಲಿರೋ ಅಂತರಗಂಗೆ ದೇವಸ್ಥಾನಕ್ಕೂ ಹೋಗ್ಬನ್ನಿ, ಅಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳೋದು ಮಕ್ಕಳಿಗೆ ಇಷ್ಟ ಆಗತ್ತೆ. ಮೆಟ್ಟಿಲು ಜಾಸ್ತಿ, ಅಜ್ಜಿಗೆ ಮಂಡಿ ನೋವಿದ್ರೆ ಕಷ್ಟ. ಕೋತಿಗಳಿವೆ, ಬುತ್ತಿ ಕೈಯಲ್ಲಿ ಹಿಡೀಬೇಡಿ.

ಕೇಳಿದವರು:
ತುಂಬಾ ಥ್ಯಾಂಕ್ಸ್. ಕೆರೆ ಬೇಡ. ನಮ್ ಸೋದರಮಾವನ ತೋಟದಲ್ಲಿ ತೊಟ್ಟಿ ಇದೆ, ಇವತ್ತೇ ಫೋನ್ ಮಾಡಿ ಪಾಚಿ ಉಜ್ಜಿಸಿಡೋಕೆ ಹೇಳ್ತೀನಿ.