ಮೊದಲು ನೀರಿಗಿಳಿದವಳು ಅಕ್ಕ: ‘ದಿ ಸ್ವಿಮ್ಮರ್ಸ್’ ಬಗ್ಗೆ ಕೋಲಾರದವರ ಚರ್ಚೆ

ಅಂತರಗಂಗೆ:
‘ದಿ ಸ್ವಿಮ್ಮರ್ಸ್’ ಬಂದಿದ್ದು 2022ರಲ್ಲಿ. ನಾನು ನೋಡಿದ್ದು ಮೊನ್ನೆ ಭಾನುವಾರ, ನೆಟ್‌ಫ್ಲಿಕ್ಸ್‌ನಲ್ಲಿ, ಅಮ್ಮನ ಜೊತೆ. ನೋಡದವರಿಗೆ ಕತೆ ಹೇಳಿಬಿಡ್ತೀನಿ. ಸಿರಿಯಾದ ಅಕ್ಕ ತಂಗಿ, ಸಾರಾ ಮತ್ತು ಯುಸ್ರಾ ಮರ್ದಿನಿ. ಅಪ್ಪನೇ ಈಜು ಕೋಚ್. ಯುದ್ಧ ಮನೆ ಹತ್ತಿರಕ್ಕೆ ಬಂದಾಗ, 2015ರಲ್ಲಿ, ಇಬ್ಬರೂ ಊರು ಬಿಡುತ್ತಾರೆ. ಟರ್ಕಿಯಿಂದ ಗ್ರೀಸ್‌ನ ಲೆಸ್ಬೋಸ್ ದ್ವೀಪಕ್ಕೆ ರಬ್ಬರ್ ದೋಣಿ. ಆರೇಳು ಜನ ಕೂರೋ ದೋಣಿಯಲ್ಲಿ ಹೆಚ್ಚುಕಡಿಮೆ 20 ಜನ. ನಡುನೀರಲ್ಲಿ ಇಂಜಿನ್ ನಿಂತುಹೋಗುತ್ತೆ. ಇವರಿಬ್ಬರು ನೀರಿಗಿಳಿದು ದೋಣಿಯನ್ನು ಕಾಪಾಡುತ್ತಾರೆ. ಆಮೇಲೆ ಬರ್ಲಿನ್. ಮರುವರ್ಷ ತಂಗಿ ಯುಸ್ರಾ ರಿಯೊ ಒಲಿಂಪಿಕ್ಸ್‌ನಲ್ಲಿ ನಿರಾಶ್ರಿತರ ತಂಡದ ಪರವಾಗಿ ಈಜುತ್ತಾಳೆ. ಇದು ನಡೆದ ಕತೆ.

ನನಗೆ ಸಿನಿಮಾ ಹಿಡಿಸಿತು. ಆದರೆ ಸಾರಾಗೆ ಅನ್ಯಾಯ ಆಗಿದೆ ಅನ್ನಿಸ್ತು. ಹೊರಡೋಣ ಅಂತ ಹಠ ಹಿಡಿದವಳು ಅವಳು. ಮೊದಲು ನೀರಿಗಿಳಿದವಳೂ ಅವಳೇ. ಕೊನೆಯ ಅರ್ಧ ಗಂಟೆ ಪೂರ್ತಿ ತಂಗಿಯ ಒಲಿಂಪಿಕ್ಸ್ ಕನಸಿಗೇ ಹೋಯ್ತು. ನಿರಾಶ್ರಿತರು ಏನಾದರೂ ಗೆದ್ದರೆ ಮಾತ್ರ ನಾವು ಅವರ ಕತೆ ಕೇಳೋದಾ?

ಪಿಟಿ ಮೇಷ್ಟ್ರು:
ಒಂದು ವಿಷಯ ಸರಿ ಮಾಡ್ತೀನಿ ಅಮ್ಮ. ತಂಗಿ ಗೆದ್ದಿಲ್ಲ. 100 ಮೀಟರ್ ಬಟರ್‌ಫ್ಲೈ ಈಜಿನಲ್ಲಿ ತನ್ನ ಹೀಟ್‌ನಲ್ಲಿ, ಅಂದರೆ ಮೊದಲ ಸುತ್ತಿನ ತನ್ನ ಗುಂಪಿನಲ್ಲಿ, ಮೊದಲು ಬಂದಳು, ಅಷ್ಟೇ. 1 ನಿಮಿಷ 9.21 ಸೆಕೆಂಡು. ಒಟ್ಟು 45 ಜನರಲ್ಲಿ 41ನೇ ಸ್ಥಾನ. ಸೆಮಿಫೈನಲ್‌ಗೂ ಹೋಗಲಿಲ್ಲ. ನಾನು ಮೂವತ್ತು ವರ್ಷ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋದವನು. ತರಬೇತಿ ತಪ್ಪಿಹೋದ ಹುಡುಗಿ, ಮನೆ ಕಳೆದುಕೊಂಡವಳು, ಒಂದು ವರ್ಷದೊಳಗೆ ಅಲ್ಲಿ ನಿಂತಳಲ್ಲ, ಅದೇ ದೊಡ್ಡದು. ಅದನ್ನು ಪದಕದ ಲೆಕ್ಕಕ್ಕೆ ಸೇರಿಸಬೇಡಿ.

ಇನ್ನು ಆ ಸಮುದ್ರದ ದೃಶ್ಯ. ನಾನು ಈಜು ಕಲಿತಿದ್ದು ನಮ್ಮ ತೋಟದ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಅಪ್ಪ ಮೇಲಿಂದ ತಳ್ಳುತ್ತಿದ್ದರು. ಅರ್ಧ ಗಂಟೆಗೆ ಬೆರಳ ತುದಿ ಸುಕ್ಕಾಗಿ ಬೆಳ್ಳಗಾಗೋದು, ಹಲ್ಲು ಕಟಕಟ ಅನ್ನೋದು. ಇವರು ಸಮುದ್ರದ ಉಪ್ಪುನೀರಲ್ಲಿ, ಬಟ್ಟೆ ಹಾಕಿಕೊಂಡೇ, ಮೂರು ಗಂಟೆಗೂ ಜಾಸ್ತಿ ಇದ್ದರು. ಆ ಭಾಗ ನೋಡುವಾಗ ನನ್ನ ಭುಜ ಬಿಗಿದುಕೊಂಡಿತ್ತು.

ಮುಳಬಾಗಿಲಿನವನು:
ಮೇಷ್ಟ್ರೇ, ನಿಮ್ಮ ಮಾತು ಒಪ್ಪಿದೆ. ಆದರೂ ಅಂತರಗಂಗೆಯವರ ಪ್ರಶ್ನೆ ಹಾಗೇ ಉಳಿಯುತ್ತೆ. ಈಜು ಬಂದವರ ಕತೆ ಸಿನಿಮಾ ಆಯ್ತು. ಬರದವರದು? ಅದೇ 2015ರ ಸೆಪ್ಟೆಂಬರ್ 2ರಂದು ಟರ್ಕಿ ದಡದ ಮರಳಲ್ಲಿ ಕೆಂಪು ಅಂಗಿಯ ಮಗು ಬೋರಲು ಬಿದ್ದಿದ್ದ ಫೋಟೊ ಎಲ್ಲರೂ ನೋಡಿದ್ದೇವೆ. ಅಲನ್ ಕುರ್ದಿ. ಅವನಿಗೆ ಒಬ್ಬ ಅಣ್ಣನೂ ಇದ್ದ, ಗಾಲಿಬ್. ಅಣ್ಣ, ತಮ್ಮ, ತಾಯಿ ಮೂವರೂ ಮುಳುಗಿದರು. ಆ ಅಣ್ಣನ ಹೆಸರು ಎಷ್ಟು ಜನಕ್ಕೆ ಗೊತ್ತು?

2015ರಲ್ಲಿ ಸಮುದ್ರ ದಾಟಿ ಯುರೋಪ್ ಸೇರಿದವರು 10 ಲಕ್ಷಕ್ಕೂ ಹೆಚ್ಚು. ಮರುವರ್ಷ ಒಲಿಂಪಿಕ್ಸ್‌ಗೆ ಹೋದ ನಿರಾಶ್ರಿತರ ತಂಡದಲ್ಲಿ ಇದ್ದವರು 10 ಜನ, ಅದೂ ಬೇರೆ ಬೇರೆ ದೇಶದವರು ಸೇರಿ.

ಪಿಟಿ ಮೇಷ್ಟ್ರು:
ಗಾಲಿಬ್ ಹೆಸರು ನನಗೆ ಗೊತ್ತಿರಲಿಲ್ಲ.

ಬಂಗಾರಪೇಟೆ ರೈಲು:
ನಾನು ಕೆಜಿಎಫ್‌ನವನು. 2001ರಲ್ಲಿ ಗಣಿ ಮುಚ್ಚಿದಾಗ ನನಗೆ 11 ವರ್ಷ. ಅಣ್ಣ ಓದು ಬಿಟ್ಟು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋಕೆ ಶುರು ಮಾಡಿದ. ಇವತ್ತಿಗೂ ನಮ್ಮೂರಿನ ಸಾವಿರಾರು ಜನ ದಿನಾ ಹಾಗೇ ಹೋಗಿ ಬರ್ತಾರೆ. ಸಿನಿಮಾ ನೋಡಿದಾಗ ಇದು ನಮ್ಮ ಕತೆನೇ ಅನ್ನಿಸಿತು. ನಾವೂ ಒಂದು ರೀತಿ ನಿರಾಶ್ರಿತರೇ ಅಲ್ವಾ?

ಶ್ರೀನಿವಾಸಪುರ ಮಾವಿನ ತೋಪು:
ಇಲ್ಲ ಅಣ್ಣ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಷ್ಟ ಸಣ್ಣದಲ್ಲ. ಆದರೆ ಎರಡನ್ನೂ ಒಂದೇ ಹೆಸರಲ್ಲಿ ಕರೆಯಬಾರದು. ಮಳೆ ಇಲ್ಲದ ವರ್ಷ ನಮ್ಮ ಕಡೆಯಿಂದಲೂ ಗುಳೆ ಹೋಗ್ತಾರೆ. ಆದರೆ ಯುಗಾದಿಗೆ ವಾಪಸ್ ಬರ್ತಾರೆ. ಬೀಗ ತೆಗೆದರೆ ಅದೇ ಮನೆ. ಓಟಿನ ಚೀಟಿ, ರೇಷನ್ ಕಾರ್ಡ್, ಎಲ್ಲ ಇಲ್ಲೇ. ಇವರಿಗೆ ವಾಪಸ್ ಬರೋ ದಾರಿಯೇ ಇಲ್ಲ. ಗಡಿಯಲ್ಲಿ ಪೊಲೀಸ್ ಹಿಡಿದರೆ ‘ನಮ್ಮವರು’ ಅಂತ ಕೇಳೋಕೆ ಒಂದು ಸರ್ಕಾರ ಇಲ್ಲ.

ಸಿನಿಮಾದಲ್ಲಿ ಒಂದು ಎಳೆ ಇದೆ, ಬಹಳ ಜನ ಗಮನಿಸಲ್ಲ. ಅಪ್ಪ ಯಾಕೆ ಹೆಣ್ಣುಮಕ್ಕಳನ್ನು ಕಳಿಸೋಕೆ ಒಪ್ಪುತ್ತಾರೆ? ಯುಸ್ರಾಗೆ 17. ಹದಿನೆಂಟು ತುಂಬೋ ಮೊದಲು ಜರ್ಮನಿ ಸೇರಿ ಅರ್ಜಿ ಹಾಕಿದರೆ ಅಪ್ಪ ಅಮ್ಮನನ್ನು ಕರೆಸಿಕೊಳ್ಳಬಹುದು. ಇಡೀ ಮನೆಯವರ ಜೀವ ಒಂದು ಹುಡುಗಿಯ ಹುಟ್ಟಿದ ತಾರೀಖಿಗೆ ಕಟ್ಟಿಹಾಕಿದ ಹಾಗೆ. ನಾವು ಹುಟ್ಟಿದ ತಾರೀಖು ನೋಡೋದು ಶಾಲೆಗೆ ಸೇರಿಸುವಾಗ ಮಾತ್ರ.

ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಅವರಿಗೆ ಅಂತಲೇ ಒಂದು ಕಾನೂನೂ ಇಲ್ಲ. ಆದರೂ ಬೈಲುಕುಪ್ಪೆಯಲ್ಲಿ ಟಿಬೆಟಿನವರಿಗೆ ಜಾಗ ಕೊಟ್ಟು ಅರವತ್ತು ವರ್ಷ ದಾಟಿದೆ. ಅಲ್ಲಿಗೆ ಸ್ಕೂಲ್ ಟ್ರಿಪ್ ಹೋಗಿ ಚಿನ್ನದ ಬಣ್ಣದ ಬುದ್ಧನ ಮುಂದೆ ಫೋಟೊ ತೆಗೆಸಿಕೊಂಡು ಬಂದಿದ್ದೇವೆ. ಇವರು ಯಾಕೆ ಇಲ್ಲಿಗೆ ಬಂದರು ಅಂತ ಅವತ್ತು ನಮಗೆ ಯಾರೂ ಹೇಳಲಿಲ್ಲ.

ಬಂಗಾರಪೇಟೆ ರೈಲು:
ಸರಿ ಅಣ್ಣ, ಒಪ್ಪಿದೆ. ನಮ್ಮ ಕ್ವಾರ್ಟರ್ಸ್ ಮನೆ ಇನ್ನೂ ನಿಂತಿದೆ. ಅಮ್ಮ ಅಲ್ಲೇ ಇದ್ದಾರೆ. ಆದರೆ ಅಣ್ಣನ ವಿಷಯ ಮಾತ್ರ ನಾನು ಬಿಡಲ್ಲ. ಸಾರಾ ತಂಗಿಯನ್ನು ನೋಡೋ ರೀತಿ ಇದೆಯಲ್ಲ, ರೈಲು ಹೊರಡುವಾಗ ಅವನೂ ನನ್ನನ್ನು ಹಾಗೇ ನೋಡ್ತಿದ್ದ.

ಮುಳಬಾಗಿಲಿನವನು:
ಮಧ್ಯೆ ಒಂದು ತಕರಾರು. ಅಕ್ಕ ತಂಗಿ ತಮ್ಮತಮ್ಮಲ್ಲೇ ಮಾತಾಡುವಾಗಲೂ ಎಷ್ಟೋ ಕಡೆ ಇಂಗ್ಲಿಷ್. ಮನೆಯಲ್ಲಿ ಅರೇಬಿಕ್ ಆಡೋ ಮಕ್ಕಳು ಭಯ ಆದಾಗ ಇಂಗ್ಲಿಷ್‌ನಲ್ಲಿ ಅಳ್ತಾರಾ? ನಮ್ಮ ಮುಳಬಾಗಿಲಲ್ಲಿ ಒಂದೇ ಜಗಳಕ್ಕೆ ಕನ್ನಡ, ತೆಲುಗು ಎರಡೂ ಬರುತ್ತೆ. ಆದರೆ ಅಮ್ಮಾ ಅನ್ನೋದು ಮನೆ ಮಾತಲ್ಲೇ.

ಅಂತರಗಂಗೆ:
ಹೌದು, ಅಲ್ಲಿ ನನಗೂ ಕಿರಿಕಿರಿ ಆಯ್ತು. ಆದರೆ ಆ ಇಬ್ಬರು ನಟಿಯರು ನಿಜಕ್ಕೂ ಅಕ್ಕ ತಂಗಿ, ಲೆಬನಾನಿನ ಮನಾಲ್ ಇಸ್ಸಾ ಮತ್ತು ನಥಾಲಿ ಇಸ್ಸಾ. ಅದಕ್ಕೇ ಮಾತಿಲ್ಲದ ಜಾಗಗಳಲ್ಲಿ ಅಷ್ಟು ಚೆನ್ನಾಗಿದೆ.

ಅಮ್ಮನಿಗೆ ಎರಡೂ ಭಾಷೆ ಬರಲ್ಲ. ನಾನೇ ಪಕ್ಕದಲ್ಲಿ ಕೂತು ಹೇಳ್ತಿದ್ದೆ. ಸಮುದ್ರದ ಹೊತ್ತಿಗೆ ಹೇಳೋದು ನಿಲ್ಲಿಸಿದೆ. ಅಮ್ಮ ಕೇಳಿದ್ದು ಒಂದೇ: ‘ಇವರು ನೀರಲ್ಲಿದ್ದಾರೆ ಅಂತ ಅವರಮ್ಮನಿಗೆ ಗೊತ್ತಾ?’ ಆಮೇಲೆ ಲೆಸ್ಬೋಸ್‌ನಲ್ಲಿ ಬಿಸಾಕಿದ ಲೈಫ್ ಜಾಕೆಟ್‌ಗಳ ರಾಶಿ ತೋರಿಸ್ತಾರೆ. ಕೇಸರಿ ಬಣ್ಣದ ಗುಡ್ಡದ ಹಾಗೆ. ಟೊಮೆಟೊ ಬೆಲೆ ಬಿದ್ದಾಗ ನಮ್ಮ ರಸ್ತೆ ಬದಿಯಲ್ಲಿ ಸುರೀತಾರಲ್ಲ, ಅಮ್ಮ ಮೊದಲು ಹಾಗೇ ಅಂದುಕೊಂಡರಂತೆ. ಏನು ಅಂತ ಗೊತ್ತಾದ ಮೇಲೆ ಎದ್ದು ಹೋಗಿ ನೀರು ಕುಡಿದು ಬಂದರು.

ಪಿಟಿ ಮೇಷ್ಟ್ರು:
ಆ ರಾಶಿ ನಿಜವಾಗಿಯೂ ಆ ದ್ವೀಪದಲ್ಲಿತ್ತು. ಇನ್ನೊಂದು. ನಡೆದ ಘಟನೆಯಲ್ಲಿ ಈ ಇಬ್ಬರ ಜೊತೆ ಇನ್ನಿಬ್ಬರು ನೀರಿಗಿಳಿದಿದ್ದರು. ಸಿನಿಮಾ ಇವರ ಮೇಲೇ ನಿಲ್ಲುತ್ತೆ. ಅದು ತಪ್ಪು ಅನ್ನಲ್ಲ, ಆದರೆ ಗೊತ್ತಿರಲಿ. ಮಕ್ಕಳಿಗೆ ತೋರಿಸುವವರು ಒಂದು ಮಾತು ಸೇರಿಸಿ ಹೇಳಿ: ನೀರು ಯಾರಿಗೂ ಸಲುಗೆ ಕೊಡಲ್ಲ. ನಮ್ಮ ಜಿಲ್ಲೆಯ ಕೃಷಿ ಹೊಂಡಗಳಲ್ಲಿ ಈಜು ಬಂದವರೂ ಹೋಗಿದ್ದಾರೆ. ಪ್ಲಾಸ್ಟಿಕ್ ಹಾಳೆ ಜಾರುತ್ತೆ, ಮೇಲೆ ಹತ್ತೋಕೆ ಹಿಡಿತ ಸಿಗಲ್ಲ.

ಮಾಲೂರು ಅಕ್ಕ:
ಇಷ್ಟು ಹೊತ್ತು ಓದ್ತಾ ಇದ್ದೆ. ನಾನು ಸಾರಾ ಪರ.

ನಮ್ಮ ಮನೆಯಲ್ಲಿ ದೊಡ್ಡವಳು ನಾನು. ಅಪ್ಪ ಹೋದಾಗ ಪಿಯುಸಿ ಮೊದಲ ವರ್ಷ. ಗಾರ್ಮೆಂಟ್ಸ್‌ಗೆ ಸೇರಿಕೊಂಡೆ. ತಮ್ಮ ಡಿಪ್ಲೊಮಾ ಮುಗಿಸಿದ. ಈಗ ಹೊಸೂರಲ್ಲಿ ಒಳ್ಳೆ ಕೆಲಸ. ಇದನ್ನು ನಾನು ದೂರು ಅಂತ ಹೇಳ್ತಿಲ್ಲ. ಮನೆಗೆ ಬಂದವರು ಅವನ ಓದು, ಅವನ ಕೆಲಸದ ಬಗ್ಗೆ ಕೇಳ್ತಾರೆ. ನಾನು ಕಾಫಿ ತಂದಿಡ್ತೀನಿ. ಹೈಸ್ಕೂಲಲ್ಲಿ ಓಡ್ತಿದ್ದೆ. ತಾಲೂಕು ಮಟ್ಟದಲ್ಲಿ ಬಂದ ಒಂದು ಪದಕ ಇದೆ. ರೇಷನ್ ಕಾರ್ಡ್ ಇಟ್ಟ ಪ್ಲಾಸ್ಟಿಕ್ ಕವರಲ್ಲೇ ಅದೂ ಇದೆ. ರಿಬ್ಬನ್ ಬಣ್ಣ ಹೋಗಿದೆ.

ಸಾರಾ ಮತ್ತೆ ಅದೇ ಲೆಸ್ಬೋಸ್‌ಗೆ ಹೋದಳು. ದೋಣಿಯಲ್ಲಿ ಬರೋರಿಗೆ ಸಹಾಯ ಮಾಡೋಕೆ. 2018ರಲ್ಲಿ ಅವಳನ್ನು ಬಂಧಿಸಿ 100 ದಿನಕ್ಕೂ ಹೆಚ್ಚು ಜೈಲಲ್ಲಿಟ್ಟರು. ಸಿನಿಮಾ ಅದನ್ನು ಕೊನೆಯಲ್ಲಿ ಅಕ್ಷರದಲ್ಲಿ ಬರೆದು ಮುಗಿಸಿತು. ದಡ ಸೇರಿದವಳು ಮತ್ತೆ ಅದೇ ದಡಕ್ಕೆ ಹೋಗಿ ನಿಂತಳಲ್ಲ, ನನಗೆ ಆ ಸಿನಿಮಾ ಬೇಕಿತ್ತು.

ಶ್ರೀನಿವಾಸಪುರ ಮಾವಿನ ತೋಪು:
ಅಕ್ಕ, ಆ ಸಾಲುಗಳು ಬರೋ ಹೊತ್ತಿಗೆ ನಾನು ಟಿವಿ ಆರಿಸಿಬಿಟ್ಟಿದ್ದೆ. ಇವತ್ತು ಮತ್ತೆ ಹಾಕಿ ಓದ್ತೀನಿ.

ಪಿಟಿ ಮೇಷ್ಟ್ರು:
ಅಂತರಗಂಗೆ, ನಿಮ್ಮ ಮೊದಲ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ. ಇಡೀ ಹೊತ್ತು ತಂಗಿಯ ಟೈಮಿಂಗ್ ಲೆಕ್ಕ ಹಾಕ್ತಾ ಕೂತಿದ್ದೆ. ಮಾಲೂರಿನ ಅಕ್ಕ, ಒಂದು ಕೇಳ್ತೀನಿ. ಆ ಪದಕ ಯಾವ ಓಟಕ್ಕೆ ಬಂದಿದ್ದು?

ಮಾಲೂರು ಅಕ್ಕ:
800 ಮೀಟರ್ ಸರ್. ಎರಡನೇ ಸ್ಥಾನ. ಬರಿಗಾಲಲ್ಲಿ ಓಡಿದ್ದೆ.